ಪಕ್ಕವಾದ್ಯದವರು ನಡುವೆ ಬಂದು ಕುಳಿತಾಗ: ‘ಶಕ್ತಿ’ ತಂಡದ ಕಥೆ ಮತ್ತು ಕಸುಬು

ಕರ್ನಾಟಕ ಸಂಗೀತದ ಕಛೇರಿಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಎಲ್ಲೂ ಬರೆದಿಡದ ಕಟ್ಟಳೆಯೊಂದಿದೆ. ನಡುವೆ ಹಾಡುವವರು. ಒಂದು ಪಕ್ಕಕ್ಕೆ ಪಿಟೀಲು, ಇನ್ನೊಂದು ಪಕ್ಕಕ್ಕೆ ಮೃದಂಗ. ಘಟವೋ ಖಂಜಿರವೋ ಇದ್ದರೆ ಅದು ಇನ್ನೂ ಒಂದು ಮೊಳ ಹಿಂದೆ. ಅದಕ್ಕೆ ಪಕ್ಕವಾದ್ಯವೆಂಬ ಹೆಸರೂ ಇಲ್ಲ, ಉಪಪಕ್ಕವಾದ್ಯ ಎನ್ನುತ್ತಾರೆ. ತನಿ ಆವರ್ತನ, ಅಂದರೆ ಲಯವಾದ್ಯದವರಷ್ಟೇ ನುಡಿಸುವ ಭಾಗ, ಶುರುವಾದ ಕೂಡಲೇ ಸಭಿಕರಲ್ಲಿ ಒಂದಷ್ಟು ಮಂದಿ ಮೆಲ್ಲಗೆ ಎದ್ದು ಕಾಫಿ ಹುಡುಕಿಕೊಂಡು ಹೋಗುವುದನ್ನು ರಾಮನವಮಿ ಪೆಂಡಾಲುಗಳಲ್ಲಿ ನೋಡದವರಿಲ್ಲ. ಲಯವಾದ್ಯದವರ ಪಾಲಿಗೆ ಸಿಕ್ಕ ಹತ್ತು ಹದಿನೈದು ನಿಮಿಷಗಳ ಸ್ವಾತಂತ್ರ್ಯ ಕೇಳುಗರ ವಿರಾಮದ ವೇಳೆಯೂ ಆಗಿಬಿಡುತ್ತದೆ.

1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿರುವ ಸೌಥಾಂಪ್ಟನ್ ಕಾಲೇಜಿನ ವೇದಿಕೆಯ ಮೇಲೆ ಐದು ಮಂದಿ ಕುಳಿತು ನುಡಿಸಿದರು. ಗಿಟಾರ್, ಪಿಟೀಲು, ತಬಲಾ, ಘಟ, ಮೃದಂಗ. ಹಾಡುವವರಿಲ್ಲ. ಡ್ರಮ್ ಸೆಟ್ ಇಲ್ಲ, ಬೇಸ್ ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ. ಅಲ್ಲಿ ಧ್ವನಿಮುದ್ರಿತವಾದ ಮೂರು ಕೃತಿಗಳನ್ನು ಕೊಲಂಬಿಯಾ ಕಂಪನಿ ಮರುವರ್ಷ ‘ಶಕ್ತಿ ವಿತ್ ಜಾನ್ ಮೆಕ್‌ಲಾಫ್ಲಿನ್’ ಎಂಬ ಹೆಸರಿನಲ್ಲಿ ಹೊರತಂದಿತು. ಮೂರರಲ್ಲಿ ಕೊನೆಯದೊಂದೇ 29 ನಿಮಿಷ.

ಈ ತಂಡದ ಬಗ್ಗೆ ಬರೆಯುವವರೆಲ್ಲ ‘ಪೂರ್ವ ಪಶ್ಚಿಮಗಳ ಸಂಗಮ’ ಎಂದು ಶುರುಮಾಡುತ್ತಾರೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಐವರಲ್ಲಿ ಪಶ್ಚಿಮದವರು ಒಬ್ಬರೇ. ಅವರೂ ತಮ್ಮ ವಿದ್ಯುತ್ ಗಿಟಾರನ್ನು ಬದಿಗಿಟ್ಟು, ಚಕ್ಕಳಮಕ್ಕಳ ಹಾಕಿಕೊಂಡು ಉಳಿದ ನಾಲ್ವರ ಜೊತೆ ನೆಲದ ಮೇಲೆ ಕುಳಿತವರು. ಅಲ್ಲಿ ನಡೆದದ್ದು ಬೇರೆಯೇ ಎರಡು ಸಂಗತಿ. ಒಂದು, ನಮ್ಮ ದೇಶದೊಳಗೇ ದೂರದೂರ ಉಳಿದಿದ್ದ ಉತ್ತರ ಮತ್ತು ದಕ್ಷಿಣದ ಲಯಪದ್ಧತಿಗಳು ಒಂದೇ ಚಾಪೆಯ ಮೇಲೆ ಕುಳಿತವು. ಇನ್ನೊಂದು, ಬದಿಯಲ್ಲಿ ಕೂರಬೇಕಾದ ಪಿಟೀಲು, ತಬಲಾ, ಘಟಗಳು ತಾವೇ ಕಛೇರಿಯಾದವು.

ಗಿಟಾರ್ ಹಿಡಿದಿದ್ದ ಜಾನ್ ಮೆಕ್‌ಲಾಫ್ಲಿನ್ ಹುಟ್ಟಿದ್ದು 1942ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. 1969ರಲ್ಲಿ ಅಮೆರಿಕಕ್ಕೆ ಹೋದ ಕೂಡಲೇ ಜಾಝ್‌ನ ದೊಡ್ಡ ಹೆಸರು ಮೈಲ್ಸ್ ಡೇವಿಸ್ ಅವರ ಧ್ವನಿಮುದ್ರಣಗಳಲ್ಲಿ ನುಡಿಸಿದರು. ಅಧ್ಯಾತ್ಮ ಗುರು ಶ್ರೀ ಚಿನ್ಮಯ್ ಅವರ ಶಿಷ್ಯರಾಗಿ ‘ಮಹಾವಿಷ್ಣು’ ಎಂಬ ಹೆಸರು ಪಡೆದು, 1971ರಲ್ಲಿ ‘ಮಹಾವಿಷ್ಣು ಆರ್ಕೆಸ್ಟ್ರಾ’ ಕಟ್ಟಿದರು. ಹೆಸರು ಕೇಳಿ ಭಜನಾ ಮಂಡಳಿ ಎಂದುಕೊಂಡು ಹೋದವರ ಕಿವಿ ತೂತಾಗಿ ಹೋಗುವಷ್ಟು ಸದ್ದಿನ ತಂಡ ಅದು. ಎರಡು ಕತ್ತಿನ ವಿದ್ಯುತ್ ಗಿಟಾರ್, ಬಿಲ್ಲಿ ಕಾಬಮ್ ಅವರ ಗುಡುಗಿನಂಥ ಡ್ರಮ್ಸ್, ಮಿಂಚಿನ ವೇಗ. ರಾಕ್ ಸಂಗೀತದ ಜನ ಮುಗಿಬಿದ್ದರು.

ಇದೇ ಹೊತ್ತಿಗೆ ಮೆಕ್‌ಲಾಫ್ಲಿನ್ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಹೋಗಿ ಡಾ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿಯುತ್ತಿದ್ದರು. ಮೃದಂಗದ ರಾಮನಾಡು ರಾಘವನ್ ಅಲ್ಲಿ ಪಾಠ ಹೇಳುತ್ತಿದ್ದರು. ಮದರಾಸಿನ ಎಲ್. ಶಂಕರ್ ಎಂಬ ಇಪ್ಪತ್ತರ ಹರೆಯದ ಪಿಟೀಲು ವಾದಕ ಅಲ್ಲಿಯೇ ಸಂಶೋಧನೆ ಮಾಡುತ್ತಿದ್ದರು. ಈ ಶಂಕರ್ ಅವರ ಮನೆತನ ಕನ್ನಡಿಗರಿಗೆ ಹೊರಗಿನದಲ್ಲ. ಅವರ ಅಣ್ಣ ಎಲ್. ವೈದ್ಯನಾಥನ್ ಅವರೇ ದೂರದರ್ಶನದ ‘ಮಾಲ್ಗುಡಿ ಡೇಸ್’ಗೆ ಸಂಗೀತ ಕೊಟ್ಟವರು. ಆ ‘ತಾನ ನನನ’ವನ್ನು ಇಂದಿಗೂ ಗುನುಗುವ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು, ಅದನ್ನು ಕಟ್ಟಿದವರ ತಮ್ಮ ಅದಕ್ಕೂ ಹತ್ತು ವರ್ಷ ಮೊದಲೇ ನ್ಯೂಯಾರ್ಕಿನಲ್ಲಿ ಇಂಥದೊಂದು ಸಾಹಸಕ್ಕೆ ಕೈಹಾಕಿದ್ದರೆಂದು? ಇನ್ನೊಬ್ಬ ಅಣ್ಣ, ಪಿಟೀಲಿನ ಎಲ್. ಸುಬ್ರಮಣ್ಯಂ ಅವರ ಪರಿಚಯ ಬೇಕಿಲ್ಲ.

ತಬಲಾ ಜಾಕಿರ್ ಹುಸೇನ್ ಅವರದು. ತಬಲಾ ವಾದಕ ಉಸ್ತಾದ್ ಅಲ್ಲಾ ರಖಾ ಅವರ ಮಗ, ಆಗ 24ರ ಹರೆಯ. ಕ್ಯಾಲಿಫೋರ್ನಿಯಾದಲ್ಲಿ ಅಲಿ ಅಕ್ಬರ್ ಖಾನ್ ಅವರ ಸಂಗೀತ ಶಾಲೆಯಲ್ಲಿ ಕಲಿಸುತ್ತಿದ್ದರು. ಮೆಕ್‌ಲಾಫ್ಲಿನ್ ಜೊತೆ ಮೊದಲು ಕೂತು ನುಡಿಸಿದ್ದು ಖಾನ್ ಸಾಹೇಬರ ಮನೆಯಲ್ಲಿಯೇ ಎಂದು ಅವರು ಅನೇಕ ಸಲ ಹೇಳಿಕೊಂಡಿದ್ದಾರೆ. ಘಟಕ್ಕೆ ಬಂದವರು ಟಿ. ಎಚ್. ವಿನಾಯಕರಾಮ್, ಎಲ್ಲರ ಬಾಯಲ್ಲಿ ‘ವಿಕ್ಕು’. ಅವರ ತಂದೆ ಹರಿಹರ ಶರ್ಮ ಮದರಾಸಿನಲ್ಲಿ ತಾಳವಾದ್ಯಗಳಿಗೆಂದೇ ಶಾಲೆ ನಡೆಸಿದವರು. ಮೊದಲ ಆಲ್ಬಮ್ ಆದಮೇಲೆ ರಾಘವನ್ ಹೊರಗುಳಿದರು, ತಂಡ ನಾಲ್ವರದಾಯಿತು. ಮೃದಂಗ ಎದ್ದುಹೋದಾಗ ದಕ್ಷಿಣದ ಲಯದ ಭಾರವೆಲ್ಲ ಬಂದದ್ದು ಉಪಪಕ್ಕವಾದ್ಯದ ಹೆಗಲಿಗೆ. ಆ ಸಂಗತಿಗೆ ಮತ್ತೆ ಬರುತ್ತೇನೆ.

ಭಾರತೀಯ ಸಂಗೀತವನ್ನು ಹೊರಗಿನದರ ಜೊತೆ ಬೆರೆಸುವುದು ಆಗ ಹೊಸದೇನೂ ಆಗಿರಲಿಲ್ಲ. 1965ರಲ್ಲಿಯೇ ಬೀಟಲ್ಸ್ ಹಾಡಿನೊಳಗೆ ಸಿತಾರ್ ಕೇಳಿಸಿತ್ತು. ಲಂಡನ್ನಿನಲ್ಲಿ ಸಂಯೋಜಕ ಜಾನ್ ಮೇಯರ್ ಮತ್ತು ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ಸೇರಿ ಭಾರತೀಯ ವಾದ್ಯಗಳನ್ನೂ ಜಾಝ್ ವಾದ್ಯಗಳನ್ನೂ ಎದುರುಬದುರು ಕೂರಿಸಿದ್ದರು. ಸಿತಾರಿನ ರವಿಶಂಕರ್ ಹಾಗೂ ಪಶ್ಚಿಮದ ಪಿಟೀಲು ವಾದಕ ಯೆಹೂದಿ ಮೆನುಹಿನ್ ಜೊತೆಗೂಡಿ ನುಡಿಸಿದ್ದರು. ಜಾಝ್‌ನ ಜಾನ್ ಕೋಲ್ಟ್ರೇನ್ ಅವರಿಗೆ ನಮ್ಮ ಸಂಗೀತದ ಮೇಲೆ ಎಷ್ಟು ಮೋಹವಿತ್ತೆಂದರೆ ಮಗನಿಗೆ ರವಿ ಎಂದೇ ಹೆಸರಿಟ್ಟರು. ಇವೆಲ್ಲ ದೊಡ್ಡ ಪ್ರಯತ್ನಗಳೇ. ಆದರೆ ಬಹುಪಾಲು ಕಡೆ ನಡೆದದ್ದು ಮರ್ಯಾದೆಯ ನೆಂಟಸ್ತಿಕೆ. ಇವರು ಸ್ವಲ್ಪ ಹೊತ್ತು ನುಡಿಸುತ್ತಾರೆ, ಅವರು ಸ್ವಲ್ಪ ಹೊತ್ತು ನುಡಿಸುತ್ತಾರೆ, ಕೊನೆಗೆ ಒಟ್ಟಿಗೆ ಒಂದು ಮುಕ್ತಾಯ. ಈಗ ನಮ್ಮ ಮದುವೆಯ ಆರತಕ್ಷತೆಗಳಲ್ಲಿ ತ್ಯಾಗರಾಜರ ಪಂಚರತ್ನ ಕೃತಿಗೆ ಡ್ರಮ್ ಪ್ಯಾಡ್ ಸೇರಿಸಿ ‘ಫ್ಯೂಷನ್’ ಎನ್ನುವುದಂತೂ ಬಿಡಿ, ಅದು ಒಗ್ಗರಣೆ ಬದಲಿಸಿದ ಅದೇ ಸಾರು.

‘ಶಕ್ತಿ’ ಹೇಗೆ ಬೇರೆ ಎಂದು ತಿಳಿಯಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಯಾರು ಏನನ್ನು ಬಿಟ್ಟುಕೊಟ್ಟರು?

ಮೊದಲು ಗಿಟಾರ್. ಗಿಟಾರಿನ ಕತ್ತಿನ ಮೇಲೆ ಲೋಹದ ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ಸ್ವರ, ನಡುವಿನದು ಸುಲಭಕ್ಕೆ ಸಿಗುವುದಿಲ್ಲ. ನಮ್ಮ ರಾಗಗಳಿಗೆ ಇದು ಸಾಲದು. ತೋಡಿ ರಾಗದ ಗಾಂಧಾರವನ್ನು ನೆನೆಸಿಕೊಳ್ಳಿ. ಅದು ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ, ತೂಗುವ ಸ್ವರ. ಆ ತೂಗಾಟವನ್ನು ತೆಗೆದರೆ ಗಾಂಧಾರ ಉಳಿಯುತ್ತದೆ, ತೋಡಿ ಹೋಗುತ್ತದೆ. ವೀಣೆಗೂ ಮೆಟ್ಟಿಲುಗಳಿವೆಯಲ್ಲ ಎನ್ನಬಹುದು. ಇವೆ, 24. ಆದರೆ ಅವು ಮೇಣದ ದಿಬ್ಬದ ಮೇಲೆ ಎತ್ತರವಾಗಿ ನಿಂತಿರುವುದರಿಂದ ತಂತಿಯನ್ನು ಪಕ್ಕಕ್ಕೆ ಜಗ್ಗಿ ಒಂದೇ ಮೆಟ್ಟಿಲಿನಲ್ಲಿ ಹಲವು ಸ್ವರ ಹೊರಡಿಸಬಹುದು. ಗಿಟಾರಿನಲ್ಲಿ ಬೆರಳು ಬೇಗನೆ ಮರಕ್ಕೆ ತಾಗಿ ನಿಂತುಬಿಡುತ್ತದೆ.

ವೀಣೆಯಲ್ಲಿ ಬೆರಳು ಪಳಗಿಸಿದ್ದ ಮೆಕ್‌ಲಾಫ್ಲಿನ್ ಅವರಿಗೆ ಈ ತೊಡಕು ಚೆನ್ನಾಗಿ ಗೊತ್ತಿತ್ತು. ಗಿಬ್ಸನ್ ಕಂಪನಿಗಾಗಿ ಏಬ್ರಹಾಮ್ ವೆಕ್ಟರ್ ಎಂಬ ವಾದ್ಯ ತಯಾರಕರು ಅವರಿಗೆಂದೇ ಒಂದು ಗಿಟಾರ್ ಮಾಡಿಕೊಟ್ಟರು. ಅದರಲ್ಲಿ ಮೆಟ್ಟಿಲು ಮೆಟ್ಟಿಲುಗಳ ನಡುವಿನ ಮರವನ್ನು ದೋಣಿಯ ಹೊಟ್ಟೆಯಂತೆ ಕೆತ್ತಿ ತೆಗೆಯಲಾಗಿತ್ತು. ಬೆರಳಿಗೆ ತಂತಿಯ ಕೆಳಗೆ ಗಾಳಿ ಸಿಕ್ಕಿತು. ಜಗ್ಗಿದರೆ, ಒತ್ತಿದರೆ ಸ್ವರ ಬಾಗತೊಡಗಿತು. ಆರು ತಂತಿಗಳ ಕೆಳಗೆ, ವಾದ್ಯದ ಬಾಯಿಗೆ ಓರೆಯಾಗಿ, ಇನ್ನೂ ಏಳು ತಂತಿಗಳು ಹಾದುಹೋಗಿದ್ದವು. ವೀಣೆಯ ಪಕ್ಕದ ತಾಳದ ತಂತಿಗಳಂತೆ, ಸಿತಾರಿನ ಚಿಕಾರಿಯಂತೆ, ನಡುನಡುವೆ ಮೀಟಿ ಶ್ರುತಿಯನ್ನು ತುಂಬಿಕೊಳ್ಳಲು. ಹೊರಗಿನಿಂದ ನೋಡಿದರೆ ಗಿಟಾರ್, ಒಳಗೆ ವೀಣೆಯ ತರ್ಕ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ವಿದ್ಯುತ್ ಇಲ್ಲದ ಗಿಟಾರಿನ ಸ್ವರ ಹುಟ್ಟಿದ ಕೂಡಲೇ ಸಾಯತೊಡಗುತ್ತದೆ. ಪಿಟೀಲಿನಲ್ಲಿ ಕಮಾನು ಇರುವಷ್ಟು ಹೊತ್ತು ಸ್ವರ ಬದುಕಿರುತ್ತದೆ. ‘ಶಕ್ತಿ’ಯ ಗಿಟಾರ್ ಅಷ್ಟು ವೇಗವಾಗಿ, ಮಣಿ ಉದುರಿಸಿದಂತೆ ಕೇಳುವುದಕ್ಕೆ ಪ್ರದರ್ಶನದ ಹುಮ್ಮಸ್ಸು ಎಷ್ಟು ಕಾರಣವೋ ಈ ಕೊರತೆಯೂ ಅಷ್ಟೇ ಕಾರಣ ಎಂದು ನನ್ನ ಎಣಿಕೆ. ನಿಲ್ಲದ ಸ್ವರವನ್ನು ಹಿಂದೆಯೇ ಬರುವ ಇನ್ನೊಂದು ಸ್ವರದಿಂದ ತುಂಬಬೇಕು. ಪಿಟೀಲು ಮತ್ತು ಗಿಟಾರ್ ಒಂದೇ ಸ್ವರಸಾಲನ್ನು ಒಟ್ಟಿಗೆ ಅತಿವೇಗದಲ್ಲಿ ನುಡಿಸುವಾಗ ಕಮಾನು ಗೆರೆ ಎಳೆಯುತ್ತದೆ, ಮೀಟು ಆ ಗೆರೆಯ ಮೇಲೆ ಚುಕ್ಕಿ ಇಡುತ್ತದೆ. ತಂಡದ ಗುರುತಿನ ದನಿ ಅದೇ.

ಬಿಟ್ಟುಕೊಟ್ಟದ್ದರಲ್ಲಿ ದೊಡ್ಡದು ಇನ್ನೊಂದಿದೆ. ಜಾಝ್‌ನ ಜೀವ ಇರುವುದು ಹಾರ್ಮನಿಯಲ್ಲಿ. ಹಲವು ಸ್ವರಗಳನ್ನು ಒಟ್ಟಿಗೆ ಮೀಟಿದ ಗುಚ್ಛ ಒಂದಾದ ಮೇಲೊಂದು ಬದಲಾಗುತ್ತ ಹೋಗುತ್ತದೆ. ಕಾಲ ಕೆಳಗಿನ ನೆಲವೇ ಜರುಗಿದಂತೆ. ಅದೇ ಸ್ವರ ಒಂದು ಗುಚ್ಛದ ಮೇಲೆ ನೆಮ್ಮದಿಯಾಗಿ ಕೇಳಿದರೆ ಮುಂದಿನದರ ಮೇಲೆ ತಳಮಳವಾಗಿ ಕೇಳುತ್ತದೆ. ನಮ್ಮಲ್ಲಿ ನೆಲ ಜರುಗುವುದಿಲ್ಲ. ತಂಬೂರಿಯ ಷಡ್ಜ, ಅಂದರೆ ಆಧಾರದ ‘ಸ’, ಕಛೇರಿಯ ಮೊದಲಿನಿಂದ ಕೊನೆಯವರೆಗೆ ಅಲ್ಲೇ ಇರುತ್ತದೆ. ಪ್ರತಿಯೊಂದು ಸ್ವರದ ಅರ್ಥವೂ ಆ ಷಡ್ಜದಿಂದ ಎಷ್ಟು ದೂರ ಎಂಬುದರ ಮೇಲೆ ನಿಂತಿದೆ. ಎರಡನ್ನೂ ಒಟ್ಟಿಗೆ ನಡೆಸಹೋದರೆ ರಾಗದ ಬುಡವೇ ಕಿತ್ತುಬರುತ್ತದೆ. ಮೆಕ್‌ಲಾಫ್ಲಿನ್ ಜರುಗುವ ನೆಲವನ್ನು ಬಹುಮಟ್ಟಿಗೆ ಬಿಟ್ಟರು. ಅಲ್ಲೊಂದು ಇಲ್ಲೊಂದು ಸ್ವರಗುಚ್ಛವನ್ನು ಬಣ್ಣದ ಹಾಗೆ ಬಳಸಿದರು, ಕಂಬದ ಹಾಗೆ ಬಳಸಲಿಲ್ಲ. ಜಾಝ್ ಗಿಟಾರ್ ವಾದಕರೊಬ್ಬರು ಹೀಗೆ ಮಾಡುವುದೆಂದರೆ ಅಡುಗೆಯವರೊಬ್ಬರು ಉಪ್ಪು ಮುಟ್ಟುವುದಿಲ್ಲ ಎಂದು ಹೇಳಿದಂತೆ.

ಹಾಗಾದರೆ ಉಳಿದದ್ದೇನು? ಮನೋಧರ್ಮ ಮತ್ತು ಲಯ. ಆ ಕ್ಷಣದಲ್ಲಿ ಹುಟ್ಟುವ ವಿಸ್ತಾರ ಎರಡೂ ಕಡೆ ಇದೆ. ಜಾಝ್‌ನಲ್ಲಿ ಇಬ್ಬರು ವಾದಕರು ನಾಲ್ಕು ನಾಲ್ಕು ಆವರ್ತ ಹಂಚಿಕೊಂಡು ಒಬ್ಬರಿಗೊಬ್ಬರು ಉತ್ತರ ಕೊಡುವುದೂ ನಮ್ಮ ಸವಾಲ್ ಜವಾಬ್ ಕೂಡ ಒಂದೇ ಹಟ್ಟಿಯ ಮಕ್ಕಳು. ಲಯದ ವಿಷಯ ಅಷ್ಟು ಸಲೀಸಲ್ಲ.

ಹೊರಗಿನವರಿಗೆ ‘ಭಾರತೀಯ ತಾಳ’ ಎಂದರೆ ಒಂದೇ. ಒಳಗೆ ಇದ್ದವರಿಗೆ ಗೊತ್ತು, ತಬಲಾ ಮತ್ತು ಮೃದಂಗದ ಕೆಲಸವೇ ಬೇರೆ ಬೇರೆ. ಹಿಂದೂಸ್ತಾನಿಯಲ್ಲಿ ತಾಳಕ್ಕೆ ‘ಠೇಕಾ’ ಎಂಬ ನಿಶ್ಚಿತ ಬೋಲುಗಳ, ಅಂದರೆ ತಬಲಾದ ಪೆಟ್ಟಿನ ಸೊಲ್ಲುಗಳ, ಸರಣಿ ಇದೆ. ತೀನ್‌ತಾಲದ 16 ಮಾತ್ರೆಗಳನ್ನು ತಬಲಾ ‘ಧಾ ಧಿನ್ ಧಿನ್ ಧಾ’ ಎಂದು ನುಡಿಯುತ್ತಲೇ ಇರುತ್ತದೆ. ಹಾಡುವವರು ಆ ಠೇಕಾ ಕೇಳಿಕೊಂಡು ತಮ್ಮ ದಾರಿ ಹಿಡಿಯುತ್ತಾರೆ. ಅಂದರೆ ತಾಳ ಇರುವುದು ತಬಲಾದಲ್ಲಿ. ಕರ್ನಾಟಕ ಪದ್ಧತಿಯಲ್ಲಿ ತಾಳ ಇರುವುದು ಕೈಯಲ್ಲಿ. ಗಾಯಕರು ತೊಡೆಯ ಮೇಲೆ ಘಾತ ಹಾಕಿ, ಬೆರಳೆಣಿಸಿ, ಕೈ ಬೀಸಿ ಅದನ್ನು ಕಾಯುತ್ತಾರೆ. ಸಭೆಯಲ್ಲಿ ಅರ್ಧ ಜನರೂ ಜೊತೆಗೆ ಹಾಕುತ್ತಿರುತ್ತಾರೆ. ಕಾವಲಿನ ಕೆಲಸ ಕೈಗೆ ಹೋದ್ದರಿಂದ ಮೃದಂಗಕ್ಕೆ ಬಿಡುಗಡೆ. ಅದು ಕೃತಿಯ ನಡೆಯನ್ನೇ ಹಿಂಬಾಲಿಸುತ್ತದೆ, ಹಾಡಿನ ಸಾಲು ಎಲ್ಲಿ ಬಾಗಿದರೆ ಅಲ್ಲಿ ಬಾಗುತ್ತದೆ.

ಈಗ ತಬಲಾ ಮತ್ತು ಘಟವನ್ನು ಒಟ್ಟಿಗೆ ಕೂರಿಸಿ. ತಾಳ ಕಾಯುವವರು ಯಾರು? ಕೈಯಲ್ಲಿ ತಾಳ ಹಾಕಲು ಗಾಯಕರಿಲ್ಲ, ನಾಲ್ವರ ಕೈಯೂ ವಾದ್ಯದ ಮೇಲಿದೆ. ತಬಲಾ ಠೇಕಾದಲ್ಲೇ ಉಳಿದರೆ ತಂಡ ಹಿಂದೂಸ್ತಾನಿಯಾಗುತ್ತದೆ. ಠೇಕಾ ಬಿಟ್ಟರೆ ನೆಲೆ ತಪ್ಪುವ ಭಯ. ಜಾಕಿರ್ ಹುಸೇನ್ ಇಲ್ಲಿ ಮಾಡಿದ್ದು ಅವರ ಘರಾಣೆಯಲ್ಲಿ ಯಾರೂ ಅಷ್ಟು ಧೈರ್ಯವಾಗಿ ಮಾಡದ ಕೆಲಸ. ಅವರು ಮೃದಂಗದವರ ಹಾಗೆ ಮಧುರಸ್ವರದ ಹಿಂದೆ ಹೋದರು. ಶಂಕರ್ ಕಮಾನು ಎಳೆದು ನಿಲ್ಲಿಸಿದಲ್ಲಿ ತಬಲಾ ಜೋಡಿಯಲ್ಲಿ ಎಡಗೈಗೆ ಸೇರಿದ ಬಾಯಾದಿಂದ ಒಂದು ಗುಂಯ್ ಎಂಬ ಜಾರು ಕೊಟ್ಟರು. ಅಗತ್ಯ ಬಿದ್ದಾಗ ಮಾತ್ರ ಠೇಕಾದ ನೆರಳಿಗೆ ಮರಳಿದರು. ತಾಳ ಯಾರ ಒಬ್ಬರ ವಶದಲ್ಲೂ ಇಲ್ಲದೆ ನಾಲ್ವರ ತಲೆಯೊಳಗೆ ಓಡುತ್ತಿತ್ತು. ಆ ಕಾಲದ ಮುದ್ರಣಗಳಲ್ಲಿ ನಾವು ಕೇಳುವ ರೋಮಾಂಚನದಲ್ಲಿ ಬಹುಪಾಲು ಈ ಹಗ್ಗದ ಮೇಲಿನ ನಡಿಗೆಯದೇ.

ಹಗ್ಗದಿಂದ ಬೀಳದಂತೆ ಕಾಯುವುದು ಗಣಿತ. ಒಂದು ಪುಟ್ಟ ಲೆಕ್ಕ ಮಾಡೋಣ. ಆದಿತಾಳಕ್ಕೆ ಎಂಟು ಎಣಿಕೆ. ಒಂದೊಂದನ್ನು ನಾಲ್ಕಾಗಿ ಒಡೆದರೆ ಆವರ್ತಕ್ಕೆ 32 ಮಾತ್ರೆ. ಐದು ಮಾತ್ರೆಯ ‘ತದಿಗಿಣತೊಂ’ ಎಂಬ ಸೊಲ್ಲನ್ನು ಮೂರು ಸಲ ಹೇಳಿ, ನಡುವಿನ ಎರಡು ಕಡೆ ಎರಡೆರಡು ಮಾತ್ರೆ ಬಿಟ್ಟರೆ ಎಷ್ಟಾಯಿತು? 5, 2, 5, 2, 5. ಒಟ್ಟು 19. ಹಾಗಾದರೆ 13 ಮಾತ್ರೆ ಸುಮ್ಮನಿದ್ದು 14ನೆಯದರಲ್ಲಿ ಶುರುಮಾಡಬೇಕು. ಆಗ ಕೊನೆಯ ‘ತೊಂ’ 32ನೆಯ ಮಾತ್ರೆಗೆ ಬಿದ್ದು, ಮುಂದಿನ ಆವರ್ತದ ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ, ಕೃತಿಯ ಎತ್ತುಗಡೆ ಸರಿಯಾಗಿ ಸಿಗುತ್ತದೆ. ಇದು ದಕ್ಷಿಣದ ಲೆಕ್ಕ. ಇದೇ ರೀತಿ ಮೂರು ಸಲ ಹೇಳುವ ಉತ್ತರದ ತಿಹಾಯಿಯಲ್ಲಿ ಸಾಮಾನ್ಯವಾಗಿ ಕೊನೆಯ ಪೆಟ್ಟೇ ಸಮದ ಮೇಲೆ ಬೀಳಬೇಕು. ಆದ್ದರಿಂದ 15ರಲ್ಲಿ ಶುರುಮಾಡಬೇಕು. ಭೇದ ಒಂದೇ ಒಂದು ಮಾತ್ರೆಯದು. ಆದರೆ ಇಬ್ಬರು ಘಟಾನುಘಟಿಗಳು ಸೆಕೆಂಡಿಗೆ ಹತ್ತಾರು ಪೆಟ್ಟಿನ ವೇಗದಲ್ಲಿ ಬರುತ್ತಿರುವಾಗ ಆ ಒಂದು ಮಾತ್ರೆಯ ಒಪ್ಪಂದ ಮೊದಲೇ ಆಗಿರದಿದ್ದರೆ ಬಂಡಿ ಮಗುಚಿತು ಎಂದೇ ಲೆಕ್ಕ. ಇದು ತೀರ ಸುಲಭದ ಉದಾಹರಣೆ. ಐದರ ಸೊಲ್ಲು ಆರಾಗಿ, ಏಳಾಗಿ ಹಿಗ್ಗುವ, ನಾಲ್ಕರ ಚತುರಶ್ರ ನಡೆಯಲ್ಲಿ ಹೊರಟು ಮೂರರ ತಿಶ್ರಕ್ಕೆ, ಐದರ ಖಂಡಕ್ಕೆ ಜಿಗಿದು ಮರಳುವ ಕೋರ್ವೆಗಳೇ, ಅಂದರೆ ಲೆಕ್ಕ ಕಟ್ಟಿದ ಮುಕ್ತಾಯಗಳೇ, ತಂಡದ ದಿನನಿತ್ಯದ ಆಹಾರ.

ಇಷ್ಟು ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಂಡು ನುಡಿಸಲು ಆಗುವುದಿಲ್ಲ. ಬಾಯಲ್ಲಿ ಹೇಳಿಯೇ ಕಲಿಯಬೇಕು. ಅದಕ್ಕೇ ಇರುವುದು ಕೊನ್ನಕ್ಕೋಲ್. ಎರಡನೆಯ ಆಲ್ಬಮ್ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ಯ ಮೊದಲ ಕೃತಿ ಶುರುವಾಗುವುದೇ ಬಾಯಿಯ ಸೊಲ್ಲುಗಳಿಂದ. ಮೆಕ್‌ಲಾಫ್ಲಿನ್ ಈ ವಿದ್ಯೆಯನ್ನು ಎಷ್ಟು ಮನಸ್ಸಿಗೆ ತೆಗೆದುಕೊಂಡರೆಂದರೆ ಮುಂದೆ, 2007ರಲ್ಲಿ, ವಿನಾಯಕರಾಮ್ ಅವರ ಮಗ ಸೆಲ್ವಗಣೇಶ್ ಜೊತೆ ಸೇರಿ ಪಶ್ಚಿಮದ ವಾದಕರಿಗಾಗಿ ಕೊನ್ನಕ್ಕೋಲ್ ಪಾಠದ ಡಿವಿಡಿ ಹೊರತಂದರು. ನಮ್ಮಲ್ಲಿ ಎಷ್ಟೋ ಹಾಡುಗಾರಿಕೆಯ ವಿದ್ಯಾರ್ಥಿಗಳು ತಿರುಗಿಯೂ ನೋಡದ ವಿದ್ಯೆ ಅದು.

ಇನ್ನು ಘಟ. ಸುಟ್ಟ ಮಣ್ಣಿನ ಮಡಕೆಗೆ ಶ್ರುತಿ ಬದಲಿಸುವ ಬಿರಡೆಯಿಲ್ಲ, ಸುಟ್ಟಾಗ ಬಂದದ್ದೇ ಅದರ ಶ್ರುತಿ. ಕಛೇರಿಗೊಂದು ಮಡಕೆ ಆರಿಸಿ ತರಬೇಕು. ಮೈಮೇಲೆ ಬೆರಳು ಬಡಿದರೆ ಕಂಚಿನಂಥ ಕಟಕಟ, ಕುತ್ತಿಗೆಯ ಬಳಿ ತೆಳು ದನಿ. ಮಡಕೆಯ ಬಾಯನ್ನು ತಮ್ಮ ಹೊಟ್ಟೆಗೆ ಒತ್ತಿ, ಬಿಟ್ಟು, ಒತ್ತಿ ನುಡಿಸಿದರೆ ಒಳಗಿನ ಗಾಳಿ ನಡುಗಿ ಗುಡಾಣದಂಥ ಮಂದ್ರ ಏಳುತ್ತದೆ. ಬೇಸ್ ಗಿಟಾರ್ ಇಲ್ಲದ ತಂಡಕ್ಕೆ ತಳಹದಿಯಾದದ್ದು ಈ ಗಾಳಿ ಮತ್ತು ಜಾಕಿರ್ ಅವರ ಬಾಯಾ, ಎರಡೇ. ಮೃದಂಗದ ಹಿಂದೆ ಕೂತು ಅದು ಹೇಳಿದ್ದನ್ನು ಮರುನುಡಿಯಬೇಕಿದ್ದ ವಾದ್ಯ ಇಲ್ಲಿ ತಬಲಾದ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿತು. ವಿನಾಯಕರಾಮ್ ಘಟವನ್ನು ಮೇಲಕ್ಕೆ ಎಸೆದು ತಾಳ ತಪ್ಪದೆ ಹಿಡಿಯುವುದನ್ನು ಜನ ಬಾಯಿಬಿಟ್ಟುಕೊಂಡು ನೋಡಿದರು. ನನಗೆ ಆ ಚಮತ್ಕಾರಕ್ಕಿಂತ ಅದು ಕೈಗೆ ಮರಳಿದ ಮೇಲೆ ಬರುವ ಮೊದಲ ಪೆಟ್ಟಿನ ಮೇಲೇ ಗಮನ.

ಇಷ್ಟು ಸೊಗಸಾದ ಸಂಗೀತ ಮಾರುಕಟ್ಟೆಯಲ್ಲಿ ಸೋತಿತು. ಮಹಾವಿಷ್ಣುವಿನ ಸಿಡಿಲು ಕೇಳಲು ಬಂದ ಅಭಿಮಾನಿಗಳಿಗೆ ಚಾಪೆಯ ಮೇಲೆ ಕೂತ ನಾಲ್ವರು ಅರ್ಥವಾಗಲಿಲ್ಲ. ರೇಡಿಯೋದವರು 29 ನಿಮಿಷದ ಕೃತಿಯನ್ನು ಎಲ್ಲಿ ಹಾಕಿಯಾರು? ಮೂರನೆಯ ಆಲ್ಬಮ್ ‘ನ್ಯಾಚುರಲ್ ಎಲಿಮೆಂಟ್ಸ್’ 1977ರಲ್ಲಿ ಬಂದಾಗ ಮೊದಲ ಆಲ್ಬಮ್ಮಿನ ಮೂರು ಕೃತಿಗಳ ಜಾಗದಲ್ಲಿ ಎಂಟು ಚಿಕ್ಕ ಚಿಕ್ಕ ಕೃತಿಗಳಿದ್ದವು. ಸುಂದರವಾಗಿವೆ, ಆದರೆ ರಾಗ ಮೈಬಿಚ್ಚುವಷ್ಟರಲ್ಲಿ ಮುಗಿದುಹೋಗುತ್ತವೆ. ಯಾರದೋ ಒತ್ತಾಯಕ್ಕೆ ಉಗುರು ಕತ್ತರಿಸಿಕೊಂಡಂತೆ ಕೇಳುತ್ತದೆ ನನಗೆ. 1978ರ ಹೊತ್ತಿಗೆ ತಂಡ ಚದುರಿತು. ಅದೇ ವರ್ಷ ಮೆಕ್‌ಲಾಫ್ಲಿನ್ ಹೊರತಂದ ಆಲ್ಬಮ್ಮಿನ ಹೆಸರು ‘ಎಲೆಕ್ಟ್ರಿಕ್ ಗಿಟಾರಿಸ್ಟ್’. ಕಂಪನಿಗೆ ಉತ್ತರವೋ, ತಮಾಷೆಯೋ!

ಈ ಹಾದಿಯಲ್ಲಿ ನಡೆದವರು ಅವರೊಬ್ಬರೇ ಅಲ್ಲ. ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿ ಅವರ ನೇತೃತ್ವದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ವರ್ಷಗಟ್ಟಲೆ ಕೆಲಸ ಮಾಡಿತು. ನಾಗಸ್ವರ ಕಲಿಯುವ ಆಸೆ ಹೊತ್ತು ದಕ್ಷಿಣಕ್ಕೆ ಬಂದವರು ಈ ಮರಿಯಾನೋ. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ಅವರೆಲ್ಲರ ‘ಜ್ಯೋತಿ’ ಆಲ್ಬಮ್ ಹೊರತಂದಿತು. ಅಲ್ಲಿ ಆರ್. ಎ. ರಮಾಮಣಿ ಅವರ ಕಂಠ ಮುಂದೆ ನಿಂತು ಸ್ಯಾಕ್ಸೊಫೋನನ್ನು ಕೈಹಿಡಿದು ನಡೆಸುತ್ತದೆ. ಜಾಗತಿಕ ಪಟ್ಟಿಗಳಲ್ಲಿ ‘ಶಕ್ತಿ’ಗೆ ಸಿಕ್ಕ ಹೆಸರು ಇವರಿಗೆ ಸಿಗಲಿಲ್ಲ. ಕೇಳಿನೋಡಿದವರು ತಾರತಮ್ಯ ಮಾಡಲಾರರು.

1997ರಲ್ಲಿ, ಸುಮಾರು ಎರಡು ದಶಕಗಳ ನಂತರ, ಬ್ರಿಟನ್ನಿನ ಪ್ರವಾಸವೊಂದಕ್ಕಾಗಿ ಮೆಕ್‌ಲಾಫ್ಲಿನ್, ಜಾಕಿರ್, ವಿನಾಯಕರಾಮ್ ಮತ್ತೆ ಕೂಡಿದರು. ಶಂಕರ್ ಇರಲಿಲ್ಲ. ಅವರ ಪಿಟೀಲಿನ ಜಾಗಕ್ಕೆ ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ ಬಂದಿತು. ತಂಡದ ಹೆಸರು ‘ರಿಮೆಂಬರ್ ಶಕ್ತಿ’. ಬಾನ್ಸುರಿ ಬಂದೊಡನೆ ಹವೆಯೇ ಬದಲಾಯಿತು. ಆಲಾಪ ನಿಧಾನವಾಯಿತು, ಹಳೆಯ ಜಟಾಪಟಿಯ ಜಾಗದಲ್ಲಿ ನಡುರಾತ್ರಿಯ ನೆಮ್ಮದಿ.

ಮುಂದಿನ ಸರದಿಯಲ್ಲಿ ಬಂದವರು ಆಂಧ್ರದ ಪಾಲಕೊಲ್ಲಿನಲ್ಲಿ ಹುಟ್ಟಿದ ಯು. ಶ್ರೀನಿವಾಸ್, ಮ್ಯಾಂಡೊಲಿನ್ ಹಿಡಿದು. ಈ ಆಯ್ಕೆ ಎಷ್ಟು ತಕ್ಕದ್ದೆಂದು ಯೋಚಿಸಿದಷ್ಟೂ ಖುಷಿಯಾಗುತ್ತದೆ. ಗಿಟಾರಿನಂತೆಯೇ ಮ್ಯಾಂಡೊಲಿನ್ ಕೂಡ ಮೆಟ್ಟಿಲಿನ ಪಶ್ಚಿಮದ ವಾದ್ಯ, ಸ್ವರ ಬೇಗ ಸಾಯುವ ವಾದ್ಯ. ಜೋಡಿ ಜೋಡಿಯಾಗಿರುವ ಎಂಟು ತಂತಿಗಳನ್ನು ತೆಗೆದು ಐದು ಒಂಟಿ ತಂತಿ ಹಾಕಿಕೊಂಡು, ವಿದ್ಯುತ್ತಿನಿಂದ ಸ್ವರದ ಆಯಸ್ಸು ಹೆಚ್ಚಿಸಿಕೊಂಡು, ಶ್ರೀನಿವಾಸ್ ಬಾಲ್ಯದಲ್ಲಿಯೇ ಅದರಿಂದ ಗಮಕ, ಅಂದರೆ ಸ್ವರದ ತೂಗಾಟ, ಹೊರಡಿಸಿದ್ದರು. ಇಂಗ್ಲೆಂಡಿನ ಮೆಕ್‌ಲಾಫ್ಲಿನ್ ವರ್ಷಗಟ್ಟಲೆ ಹೆಣಗಿ ಬಿಡಿಸಿದ ಒಗಟನ್ನೇ ಪಾಲಕೊಲ್ಲಿನ ಹುಡುಗ ಇನ್ನೊಂದು ತುದಿಯಿಂದ ಬಿಡಿಸಿದ್ದ. ಅವರಿಬ್ಬರೂ ಅಕ್ಕಪಕ್ಕ ಕೂತು ನುಡಿಸುವಾಗ ಒಬ್ಬರು ಬಿಟ್ಟ ಸ್ವರವನ್ನು ಇನ್ನೊಬ್ಬರು ಎತ್ತಿಕೊಳ್ಳುವ ಸಲಿಗೆ ಇದೆ. ಮೆಕ್‌ಲಾಫ್ಲಿನ್ ಈ ಹೊತ್ತಿಗೆ ವಿದ್ಯುತ್ ಗಿಟಾರಿಗೆ ಮರಳಿದ್ದರು. ಘಟದ ಜಾಗದಲ್ಲಿ ಸೆಲ್ವಗಣೇಶ್ ಬಂದು ಕುಳಿತು ಖಂಜಿರವನ್ನೂ ಜೊತೆಗೆ ತಂದರು. ಅಂಗೈಯಗಲದ ಚರ್ಮ, ಅಂಚಿಗೆ ಗೆಜ್ಜೆಯಂಥ ಬಿಲ್ಲೆ. ಉಪಪಕ್ಕವಾದ್ಯದ ಜಾಗಕ್ಕೆ ಇನ್ನೊಂದು ಉಪಪಕ್ಕವಾದ್ಯ!

2000ದ ಡಿಸೆಂಬರಿನಲ್ಲಿ ಮುಂಬೈಯಲ್ಲಿ ನಡೆದ ಕಛೇರಿಗಳಲ್ಲಿ ಶಿವಕುಮಾರ್ ಶರ್ಮಾ ಅವರ ಸಂತೂರ್, ಶಿವಮಣಿ ಅವರ ತಾಳವಾದ್ಯ ಮುಂತಾಗಿ ಹಲವರು ಕೂಡಿಕೊಂಡರು. ಶಂಕರ್ ಮಹಾದೇವನ್ ಅವರ ಕಂಠವೂ ಸೇರಿತು. ತ್ಯಾಗರಾಜರ ‘ಗಿರಿರಾಜಸುತಾ’ ಅಂದಿನಿಂದ ತಂಡದ ಜೊತೆ ಉಳಿದುಬಿಟ್ಟಿತು. ಇಲ್ಲಿ ನನ್ನದೊಂದು ತಕರಾರು. ಶಂಕರ್ ಮಹಾದೇವನ್ ಅವರ ಗಾಯನದಲ್ಲಿ ಹುಳುಕಿಲ್ಲ. ಆದರೆ ಮನುಷ್ಯಕಂಠ ಬಂದ ಕ್ಷಣ ನಮ್ಮ ಕಿವಿ ಹಳೆಯ ಚಾಳಿಗೆ ಮರಳುತ್ತದೆ. ನಡುವೆ ಹಾಡುವವರು, ಉಳಿದವರು ಅಕ್ಕಪಕ್ಕ. ಯಾವ ಶ್ರೇಣಿಯನ್ನು ಕೆಡವಿ ತಂಡ ಹುಟ್ಟಿತ್ತೋ ಅದು ತಾನಾಗಿ ಹಿಂಬಾಗಿಲಿನಿಂದ ಒಳಬಂದಂತೆ. ಈ ಮಾತನ್ನು ಒಪ್ಪದ ಗೆಳೆಯರು ನನಗಿದ್ದಾರೆ. ಹಾಡು ಸೇರಿದ್ದರಿಂದಲೇ ತಂಡಕ್ಕೆ ಹೊಸ ಕೇಳುಗರು ಸಿಕ್ಕರು ಎನ್ನುತ್ತಾರೆ. ಅದೂ ನಿಜವೇ.

2014ರ ಸೆಪ್ಟೆಂಬರ್ 19ರಂದು ಶ್ರೀನಿವಾಸ್ ಚೆನ್ನೈಯಲ್ಲಿ ತೀರಿಕೊಂಡರು. 45 ವರ್ಷ. ತಂಡ ಕೆಲಕಾಲ ಮೌನವಾಯಿತು. ಮತ್ತೆ ಕೂಡಿದಾಗ ಮ್ಯಾಂಡೊಲಿನ್ನಿಗೆ ಬದಲಿ ಹುಡುಕಲಿಲ್ಲ. ಗಣೇಶ್ ರಾಜಗೋಪಾಲನ್ ಅವರ ಪಿಟೀಲು ಬಂದಿತು, ಹೆಸರಿನಿಂದ ‘ರಿಮೆಂಬರ್’ ಹೋಯಿತು. 1973ರಿಂದ ಲೆಕ್ಕ ಹಾಕಿ 2023ರಲ್ಲಿ ಸುವರ್ಣ ವರ್ಷದ ಪ್ರವಾಸ ನಡೆಸಿದರು. ಅದೇ ವರ್ಷ ‘ದಿಸ್ ಮೊಮೆಂಟ್’ ಬಂದಿತು. ‘ಶಕ್ತಿ’ ಹೆಸರಿನಲ್ಲಿ ಸ್ಟುಡಿಯೋದಲ್ಲಿ ತಯಾರಾದ ಆಲ್ಬಮ್ ಬಂದದ್ದು 46 ವರ್ಷಗಳ ನಂತರ. ಮೊದಲ ಕೃತಿಯ ಹೆಸರು ‘ಶ್ರೀನಿಸ್ ಡ್ರೀಮ್’, ಹೋದವರ ನೆನಪಿಗೆ. 2024ರ ಫೆಬ್ರವರಿಯಲ್ಲಿ ಅದಕ್ಕೆ ಜಾಗತಿಕ ಸಂಗೀತದ ಅತ್ಯುತ್ತಮ ಆಲ್ಬಮ್ ಎಂದು ಗ್ರ್ಯಾಮಿ ಪ್ರಶಸ್ತಿ. ಆ ಒಂದೇ ರಾತ್ರಿ ಜಾಕಿರ್ ಹುಸೇನ್ ಅವರ ಕೈಗೆ ಬಂದ ಗ್ರ್ಯಾಮಿಗಳು ಮೂರು. 1970ರ ದಶಕದಲ್ಲಿ ಮಾರಾಟವಾಗದ ಸರಕಿಗೆ ಬಂದ ಮರ್ಯಾದೆ ಇದು.

ಅದೇ ವರ್ಷ ಡಿಸೆಂಬರ್ 15ರಂದು ಜಾಕಿರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಣ್ಣುಮುಚ್ಚಿದರು. 73 ವರ್ಷ. ಮೊದಲ ಆಲ್ಬಮ್ಮಿನಿಂದ ಕೊನೆಯ ಪ್ರವಾಸದವರೆಗೆ ಬಿಡದೆ ಇದ್ದವರು ಅವರು ಮತ್ತು ಮೆಕ್‌ಲಾಫ್ಲಿನ್, ಇಬ್ಬರೇ.

ಎಲ್ಲಿಂದ ಕೇಳಬೇಕು ಎಂದು ಯಾರಾದರೂ ಕೇಳಿದರೆ ನಾನು 1975ರ ಆ ಸೌಥಾಂಪ್ಟನ್ ಮುದ್ರಣವನ್ನೇ ಹೇಳುತ್ತೇನೆ. ಮೊದಲನೆಯದನ್ನು ಬಿಟ್ಟು ಎರಡನೆಯದು, ‘ಲೋಟಸ್ ಫೀಟ್’, ಐದು ನಿಮಿಷವೂ ಇಲ್ಲ, ಯಾವ ಅವಸರವೂ ಇಲ್ಲ. ಪಿಟೀಲಿನ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ. ಅದಾದ ಮೇಲೆ ಹಿಂದಕ್ಕೆ ಹೋಗಿ ಹದಿನೆಂಟು ನಿಮಿಷದ ‘ಜಾಯ್’ ಹಾಕಿ. ಗಿಟಾರ್ ನಿಮ್ಮನ್ನು ಎಳೆಯುತ್ತದೆ, ಹೋಗಬೇಡಿ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮಡಕೆಯ ದನಿಯನ್ನಷ್ಟೇ ಹಿಡಿದು ಕೂತಿರಿ. ನಡುವೆ ಕಾಫಿಗೆ ಏಳಬೇಡಿ.